ಅರ್ಜಿ ತುಂಬಿದ ಒಂದು ಭಾನುವಾರ

ಹಾಸನದ ಮಹಾರಾಜ ಪಾರ್ಕಿನ ಹತ್ತಿರದ ಕೋಣೆಯೊಂದರಲ್ಲಿ ಆ ಭಾನುವಾರ ನಾಲ್ವರು ವಿದ್ಯಾರ್ಥಿಗಳು ಕರಡು ಹರಡಿಕೊಂಡು ಕೂತಿದ್ದರು. ಮಾನವ ಹಕ್ಕು ಮತ್ತು ನರಮೇಧದ ಅಧ್ಯಯನಕ್ಕೆ ವಿದೇಶದಲ್ಲಿ ಕೊಡುವ ಸ್ಮಾರಕ ವಿದ್ಯಾರ್ಥಿವೇತನದ ಅರ್ಜಿ. 500 ಪದಗಳ ಪ್ರಬಂಧ, ಎರಡು ಶಿಫಾರಸು ಪತ್ರ, ಟ್ರಾನ್ಸ್‌ಕ್ರಿಪ್ಟ್ (ವಿಶ್ವವಿದ್ಯಾಲಯ ಕೊಡುವ ಎಲ್ಲ ವರ್ಷಗಳ ಅಂಕಗಳ ದಾಖಲೆ), ಪಾಸ್‌ಪೋರ್ಟ್ ಕೇಳಿದ್ದರು.

ಮಧ್ಯಾಹ್ನದವರೆಗೂ ಪ್ರಬಂಧದ್ದೇ ಕೆಲಸ. ಮೂರು ಕರಡುಗಳಲ್ಲಿ, ಬಹಳ ಜನ ಸತ್ತ ಕಡೆಯೆಲ್ಲ ನರಮೇಧ ಎಂದೇ ಬರೆದಿತ್ತು. ಈ ಓದಿಗೆ ಬರುವವರು ಮೊದಲು ಬಿಡಬೇಕಾದ ರೂಢಿ ಇದು. ಪೋಲೆಂಡಿನ ಯಹೂದಿ ವಕೀಲ ರಫಾಯೆಲ್ ಲೆಮ್ಕಿನ್ 1944ರಲ್ಲಿ ಬಳಕೆಗೆ ತಂದ 'ಜೆನೊಸೈಡ್' (ನರಮೇಧ) ಪದಕ್ಕೆ, 1948ರ ಡಿಸೆಂಬರ್ 9ರಂದು ವಿಶ್ವಸಂಸ್ಥೆ ಅಂಗೀಕರಿಸಿದ ಒಡಂಬಡಿಕೆಯ 2ನೇ ವಿಧಿ ಬಿಗಿಯಾದ ಅರ್ಥ ಕೊಟ್ಟಿದೆ. ರಾಷ್ಟ್ರ, ಜನಾಂಗೀಯತೆ (ಎಥ್ನಿಕ್), ಜನಾಂಗ (ರೇಸ್), ಧರ್ಮದ ಗುಂಪೊಂದನ್ನು ಪೂರ್ತಿಯಾಗಿಯೋ ಭಾಗಶಃವೋ ಅಳಿಸುವ ಉದ್ದೇಶ ಸಾಬೀತಾಗಬೇಕು. ಹೆಣಗಳ ಲೆಕ್ಕವೊಂದೇ ಸಾಲದು. ರಾಜಕೀಯ ಗುಂಪುಗಳು ಆ ಪಟ್ಟಿಯಲ್ಲಿಲ್ಲ. ಕಾಂಬೋಡಿಯಾದ ಬಗ್ಗೆ ಬರೆಯುವವರು ಎಡವುವುದು ಇಲ್ಲೇ: 1970ರ ದಶಕದಲ್ಲಿ ಆ ದೇಶವನ್ನಾಳಿದ ಕಮ್ಯುನಿಸ್ಟ್ ಪಕ್ಷ ಖಮೇರ್ ರೂಜ್‌ನ ನಾಯಕರ ಮೇಲೆ 2018ರಲ್ಲಿ ನರಮೇಧದ ಅಪರಾಧ ರುಜುವಾದದ್ದು ಚಾಮ್ ಮುಸ್ಲಿಮರು ಮತ್ತು ವಿಯೆಟ್ನಾಮಿಯರ ವಿಷಯದಲ್ಲಿ, ಸತ್ತವರೆಲ್ಲರ ವಿಷಯದಲ್ಲಲ್ಲ.

ನಾಲ್ಕನೆಯ ಕರಡು ರುವಾಂಡಾದ ಅಕಯೇಸು ಪ್ರಕರಣವೊಂದನ್ನೇ ಹಿಡಿದಿತ್ತು: 1994ರ ನರಮೇಧದ ಹೊತ್ತಿನಲ್ಲಿ ಟಬಾ ಎಂಬಲ್ಲಿ ಮೇಯರ್ ಆಗಿದ್ದ ಅಕಯೇಸುವಿನ ಮೇಲೆ ಅಂತರರಾಷ್ಟ್ರೀಯ ನ್ಯಾಯಮಂಡಳಿ ನಡೆಸಿದ ವಿಚಾರಣೆ. ಅತ್ಯಾಚಾರವೂ ನರಮೇಧದ ಕೃತ್ಯವಾಗಬಲ್ಲದು ಎಂದು ಆ ತೀರ್ಪು 1998ರ ಸೆಪ್ಟೆಂಬರ್ 2ರಂದು ಹೇಳಿತು. ಸಾಕ್ಷಿ ನುಡಿದ ಹೆಂಗಸರ ಮಾತು ಆ ನಿರ್ಣಯಕ್ಕೆ ಹೇಗೆ ಆಧಾರವಾಯಿತು ಎಂಬುದೇ ಆ ಕರಡು ಬರೆದ ಹುಡುಗಿಯ ಪ್ರಶ್ನೆ. ಪ್ರಬಂಧ ಇರಬೇಕಾದದ್ದು ಹೀಗೆ: ಒಂದು ಪ್ರಕರಣ, ಒಂದು ಪ್ರಶ್ನೆ, ಓದಬೇಕಾದ ದಾಖಲೆ. ಯಾರ ನೆನಪಿನಲ್ಲಿ ಹಣ ಕೊಡುತ್ತಾರೋ ಅವರನ್ನು ಹೊಗಳುವುದಕ್ಕೆ 200 ಪದ ಸುರಿದರೆ ವಿಷಯಕ್ಕೆ ಜಾಗವೇ ಉಳಿಯದು. ಅವರು ಮಾಡಿದ ಕೆಲಸಕ್ಕೂ ತನ್ನ ಪ್ರಶ್ನೆಗೂ ಇರುವ ನಂಟನ್ನು ಎರಡು ಸಾಲಿನಲ್ಲಿ ಹೇಳಿದರೆ ಸಾಕು.

ಊಟದ ಮೇಲೆ ಕಾಗದಪತ್ರ. ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದನ್ನೇ ಬಿಡಿಸಿ ಬರೆದ ಊರು, ಅಪ್ಪನ ಹೆಸರು. ನಮ್ಮ ಕಡೆಯ ಅರ್ಜಿಗಳು ತಡವಾಗುವುದು ಹೆಚ್ಚಾಗಿ ಇದರಿಂದಲೇ. ಎರಡೂ ಹೆಸರು ಒಬ್ಬರದೇ ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಿ, ಅದನ್ನೂ ಸ್ಕ್ಯಾನ್ ಮಾಡಿ ಸೇರಿಸಬೇಕು. ಟ್ರಾನ್ಸ್‌ಕ್ರಿಪ್ಟಿಗೆ ವಾರಗಟ್ಟಲೆ ಹಿಡಿಯುತ್ತದೆ, ಮೊದಲು ಅದಕ್ಕೇ ಓಡಾಡಬೇಕು. ಶಿಫಾರಸು ಪತ್ರ ಮೇಷ್ಟ್ರ ಕಾಲೇಜಿನ ಇಮೇಲಿನಿಂದಲೇ ನೇರ ಹೋಗಬೇಕೆಂಬ ಷರತ್ತಿತ್ತು. ಒಬ್ಬರು ಮೇಷ್ಟ್ರು ಸಕಲೇಶಪುರದವರು, ಮಳೆ ಹಿಡಿದರೆ ಅಲ್ಲಿ ಕರೆಂಟು ನೆಚ್ಚುವಂತಿಲ್ಲ, ಹಾಗಾಗಿ ಅವರಿಗೆ ಹತ್ತು ದಿನ ಮುಂಚೆಯೇ ಹೇಳಿಯಾಗಿತ್ತು. ಗಡುವು ಗ್ರೀನಿಚ್ ಸಮಯ ರಾತ್ರಿ 11:59, ಅಂದರೆ ನಮಗೆ ಮರುದಿನ ಬೆಳಗಿನ ಜಾವ 5:29.

ಸಂಜೆಗೆ ಎರಡು ಅರ್ಜಿ ಹೋದವು. ಉಳಿದೆರಡಕ್ಕೆ ಸೋಮವಾರ ನೋಟರಿ ಹತ್ತಿರ ಹೋಗುವುದಿತ್ತು.