ದೋಣಿ ಕಟ್ಟಿಕೊಂಡು ಸಂಪಾಜೆ ಘಾಟಿ: ಮುಲ್ಕಿಯಿಂದ ಹಾರಂಗಿಗೆ ಹೋಗಿ ಬಂದ ಅನುಭವ

ಮುಲ್ಕಿಯ ಶಾಂಭವಿ ಅಳಿವೆಯಲ್ಲಿ ಕೆಲವು ವರ್ಷ ದುಡಿದಿದ್ದ 17 ಅಡಿ ಉದ್ದದ ಫೈಬರ್ ದೋಣಿಯೊಂದನ್ನು, ಅದರ ಟ್ರೈಲರ್ ಸಮೇತ ಕೊಂಡು, ಹಾರಂಗಿ ಹಿನ್ನೀರಿನಲ್ಲಿ ಮೀನು ಹಿಡಿಯಲು ಪರವಾನಗಿ ಪಡೆದಿರುವ ನನ್ನ ಭಾವನವರಿಗೆ ತಲುಪಿಸುವ ಕೆಲಸ ಜನವರಿಯಲ್ಲಿ ನನ್ನ ಪಾಲಿಗೆ ಬಂತು. ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ದುರಸ್ತಿಗಾಗಿ ಅದೇ ದೋಣಿಯನ್ನು ಘಾಟಿ ಇಳಿಸಿ ಕರಾವಳಿಗೆ ತಂದದ್ದೂ ನಾನೇ. ಒಂದು ದಿಕ್ಕಿಗೆ 200 ಕಿಲೋಮೀಟರಿಗೆ ಸ್ವಲ್ಪ ಹೆಚ್ಚಿನ ದಾರಿ. ಎಳೆದದ್ದು ಇಸುಜು ವಿ-ಕ್ರಾಸ್ ಪಿಕಪ್. ಕೊಡಗಿನ ಕಡೆಗೆ ಹೀಗೆ ದೋಣಿ ಒಯ್ಯುವ ಯೋಚನೆಯಲ್ಲಿರುವವರು ಸಾಮಾನ್ಯವಾಗಿ ಕೇಳುವುದು 'ಗಾಡಿ ಎಳೆಯುತ್ತದೆಯೇ' ಎಂದು. ಎಳೆಯುವುದರ ಬಗ್ಗೆ ಚಿಂತೆ ಬೇಡ. ಇಂದಿನ ಯಾವ ಡೀಸೆಲ್ ಪಿಕಪ್ಪೂ ಇಷ್ಟು ಭಾರವನ್ನು ಎಳೆಯುತ್ತದೆ. ಕೇಳಬೇಕಾದದ್ದು, ಹಿಂದಿನಿಂದ ತಳ್ಳುವ ಆ ಭಾರವನ್ನು ಇಳಿಜಾರಿನಲ್ಲಿ ಗಾಡಿ ಹಿಡಿದು ನಿಲ್ಲಿಸುತ್ತದೆಯೇ ಎಂಬುದನ್ನು.

ಹೊರಡುವ ಮುನ್ನ ಅಂದಾಜಿಗೆ ಬಿಡದೆ ವೇಬ್ರಿಡ್ಜಿನಲ್ಲಿ ತೂಗಿಸಿ. ನಮ್ಮ ದೋಣಿ, 25 ಎಚ್‌ಪಿ ಎಂಜಿನ್, ಟ್ರೈಲರ್, ಬಲೆ ಮತ್ತು ಸಾಮಾನು ಎಲ್ಲ ಸೇರಿ 720 ಕಿಲೋ ಬಂತು. ಮಾರಿದವರು 'ಐನೂರು ದಾಟುವುದಿಲ್ಲ' ಎಂದಿದ್ದರು. ಯುರೋಪಿನ ನಿಯಮಗಳಲ್ಲಿ 750 ಕಿಲೋ ಮೀರಿದ ಟ್ರೈಲರಿಗೆ ಅದರದ್ದೇ ಬ್ರೇಕ್ ಇರಬೇಕೆಂದಿದೆ. ನಮ್ಮದು ಆ ಗೆರೆಯ ಹತ್ತಿರವೇ ಇತ್ತು, ಬ್ರೇಕ್ ಮಾತ್ರ ಇರಲಿಲ್ಲ. ಹಾಗೆಂದರೆ ಈ 720 ಕಿಲೋವನ್ನೂ ಪಿಕಪ್ಪಿನ ಬ್ರೇಕುಗಳೇ ತಡೆಯಬೇಕು. ಇದಕ್ಕಿಂತ ಭಾರದ ದೋಣಿಯಾದರೆ ಬ್ರೇಕಿಲ್ಲದ ಟ್ರೈಲರಿನಲ್ಲಿ ಘಾಟಿ ರಸ್ತೆಗೆ ತರಲೇಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಕಾಗದಪತ್ರದ ವಿಷಯದಲ್ಲಿ ಒಂದೇ ಮಾತು: 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೈಲರ್ ಕೂಡ ಮೋಟಾರು ವಾಹನವೇ. ಆದ್ದರಿಂದ ಅದಕ್ಕೆ ನೋಂದಣಿ ಮತ್ತು ವಿಮೆ ಎರಡೂ ಬೇಕು. ನೋಂದಣಿಯಿಲ್ಲದ ಟ್ರೈಲರನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಕೊಳ್ಳಬೇಡಿ.

ಕೊಂಡಿಯ ವಿಷಯ ಸಣ್ಣದೆಂದು ತೋರುತ್ತದೆ, ಆದರೆ ಅಲ್ಲ. ಪಿಕಪ್ಪಿನ ಹಿಂದಿನ ಕೊಂಡಿಯ ಗುಂಡು ಮತ್ತು ಅದರ ಮೇಲೆ ಕೂರುವ ಟ್ರೈಲರಿನ ಮೂತಿಯ ಹಿಡಿಕೆ, ಅಂದರೆ ಕಪ್ಲರ್, ಒಂದೇ ಅಳತೆಯವಾಗಿರಬೇಕು. 50 ಮಿಲಿಮೀಟರಿನ ಕಪ್ಲರ್ 47.6 ಮಿಲಿಮೀಟರಿನ ಗುಂಡಿನ ಮೇಲೂ ಕುಳಿತುಕೊಳ್ಳುತ್ತದೆ, ಚಿಲಕವೂ ಬೀಳುತ್ತದೆ, ಅಂಗಳದಲ್ಲಿ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ರಸ್ತೆಯ ಮೊದಲ ದೊಡ್ಡ ಉಬ್ಬಿನಲ್ಲಿ ಅದು ಎದ್ದು ಬರಬಹುದು. ಗುಂಡಿನ ಮೇಲೆ ಕೊರೆದಿರುವ ಅಳತೆಯನ್ನು ಓದಿಯೇ ಜೋಡಿಸಿ. ಚಿಲಕ ಹಾಕಿದ ಮೇಲೆ ಟ್ರೈಲರಿನ ಮೂತಿಗೆ ಜ್ಯಾಕ್ ಕೊಟ್ಟು ಎತ್ತಿ ನೋಡಬೇಕು: ಪಿಕಪ್ಪಿನ ಹಿಂಭಾಗವೂ ಜೊತೆಗೆ ಏಳುತ್ತದೆಂದಾದರೆ ಹಿಡಿತ ಕುಳಿತಿದೆ ಎಂದು ಅರ್ಥ. ಸುರಕ್ಷತೆಯ ಎರಡು ಸರಪಳಿಗಳನ್ನು ಕಪ್ಲರಿನ ಅಡಿಯಲ್ಲಿ ಕತ್ತರಿಯಂತೆ ಅಡ್ಡಹಾಯಿಸಿ ಕಟ್ಟಬೇಕು. ಕೊಂಡಿ ಕಳಚಿದರೂ ಮೂತಿ ಡಾಂಬರಿಗೆ ಕುಟ್ಟದೆ ಆ ತೊಟ್ಟಿಲಿನಲ್ಲಿ ತಂಗುತ್ತದೆ.

ಇನ್ನು ಭಾರದ ಹಂಚಿಕೆ. ಇದನ್ನು ನಾನು ಕಲಿತದ್ದು ಬಿ.ಸಿ. ರೋಡ್ ದಾಟಿ ಮಾಣಿಯ ಕಡೆಗೆ ಹೋಗುವ ಅಗಲ ರಸ್ತೆಯಲ್ಲಿ. ರಸ್ತೆ ಚೆನ್ನಾಗಿದೆಯೆಂದು ವೇಗ 70ಕ್ಕೆ ಏರುತ್ತಿದ್ದಂತೆ ಪಿಕಪ್ಪಿನ ಬೆನ್ನನ್ನು ಯಾರೋ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಿಡಿದು ಅಲುಗಿಸಿದಂತಾಯಿತು. ಕನ್ನಡಿಯಲ್ಲಿ ನೋಡಿದರೆ ದೋಣಿ ನಾಯಿಯ ಬಾಲದಂತೆ ಬೀಸುತ್ತಿತ್ತು. ಆಗ ಬ್ರೇಕ್ ಒತ್ತಬಾರದು, ಸ್ಟೀಯರಿಂಗನ್ನು ಎದುರು ದಿಕ್ಕಿಗೆ ತಿರುಗಿಸಿ ಸರಿಪಡಿಸಲು ಹೋಗಲೂಬಾರದು. ಸ್ಟೀಯರಿಂಗನ್ನು ನೇರವಾಗಿ ಹಿಡಿದು ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲನೆ ತೆಗೆದೆ. 50ಕ್ಕೆ ಇಳಿಯುವಷ್ಟರಲ್ಲಿ ಬೀಸಾಟ ನಿಂತಿತು. ಕಾರಣ ಹುಡುಕಲು ದೂರ ಹೋಗಬೇಕಾಗಲಿಲ್ಲ. ಐಸ್ ಪೆಟ್ಟಿಗೆ, ಲಂಗರು, ಒದ್ದೆ ಬಲೆ ಎಲ್ಲ ಸೇರಿ ಸುಮಾರು 60 ಕಿಲೋ ಸಾಮಾನನ್ನು ನಮ್ಮ ಹುಡುಗ ದೋಣಿಯ ಹಿಂಬದಿಯಲ್ಲಿ, ಎಂಜಿನ್ನಿನ ಪಕ್ಕದಲ್ಲೇ ಪೇರಿಸಿಟ್ಟಿದ್ದ. ಅವನನ್ನು ಬೈದು ಪ್ರಯೋಜನವಿರಲಿಲ್ಲ, ಕಟ್ಟುವಾಗ ನೋಡಬೇಕಾಗಿದ್ದವನು ನಾನು. ರಸ್ತೆಯ ಬದಿಯಲ್ಲೇ ಎಲ್ಲವನ್ನೂ ಚಕ್ರಗಳಿಗಿಂತ ಮುಂದಕ್ಕೆ ತಂದು ಕಟ್ಟಿದ ಮೇಲೆ ಮುಂದಿನ ದಾರಿಯಲ್ಲಿ ಟ್ರೈಲರ್ ತಂಟೆ ಮಾಡಲಿಲ್ಲ.

ಆಮೇಲೆ ಸುಂಟಿಕೊಪ್ಪದ ಭಾವನವರ ತೋಟದಲ್ಲಿ, ಕಾಫಿ ಮೂಟೆ ತೂಗುವ ತಕ್ಕಡಿಯ ಮೇಲೆ ಮರದ ತುಂಡಿಟ್ಟು, ಗುಂಡಿನ ಎತ್ತರಕ್ಕೇ ಸರಿಯಾಗಿ ಟ್ರೈಲರಿನ ಮೂತಿಯನ್ನು ಕೂರಿಸಿ ನೋಡಿದೆವು. ಸಾಮಾನು ಹಿಂದಿದ್ದಾಗ ಮೂತಿಯ ಭಾರ 22 ಕಿಲೋ, ಮುಂದಿದ್ದಾಗ 67 ಕಿಲೋ. ಒಟ್ಟು ತೂಕದ ನೂರಕ್ಕೆ ಹತ್ತರ ಆಸುಪಾಸಿನಷ್ಟು ಭಾರ ಗುಂಡಿನ ಮೇಲೆ ಬೀಳಬೇಕೆಂಬುದು ಲೆಕ್ಕ. ಅದಕ್ಕಿಂತ ತೀರಾ ಕಡಿಮೆಯಾದರೆ ಟ್ರೈಲರ್ ಬೀಸುತ್ತದೆ; ತೀರಾ ಹೆಚ್ಚಾದರೆ ಪಿಕಪ್ಪಿನ ಹಿಂಭಾಗ ಕುಸಿದು, ಮುಂದಿನ ಚಕ್ರಗಳು ಹಗುರಾಗಿ, ತಿರುವಿನಲ್ಲಿ ಸ್ಟೀಯರಿಂಗ್ ಮಾತು ಕೇಳುವುದಿಲ್ಲ. ತೋಟದವರಲ್ಲಿ ಇಂಥ ತಕ್ಕಡಿ ಇದ್ದೇ ಇರುತ್ತದೆ. ಹೊರಡುವ ಹಿಂದಿನ ದಿನ ಅರ್ಧ ಗಂಟೆ ಕೊಟ್ಟರೆ ಸಾಕು.

ಸುಳ್ಯದಲ್ಲಿ ಚಹಾಕ್ಕೆಂದು ನಿಲ್ಲಿಸಿ ಅಭ್ಯಾಸದಂತೆ ಟ್ರೈಲರಿನ ಚಕ್ರಗಳ ಹಬ್ (ಬೇರಿಂಗ್ ಕೂರುವ ನಡುಭಾಗ) ಮುಟ್ಟಿ ನೋಡಿದಾಗ ಬಲಗಡೆಯದು ಬೆಚ್ಚಗಿತ್ತು, ಎಡಗಡೆಯದರ ಮೇಲೆ ಕೈ ಇಡಲಾಗಲಿಲ್ಲ. ಹತ್ತಿರದ ಗ್ಯಾರೇಜಿನವರು ಹಬ್ ಬಿಚ್ಚಿ, ಬೆರಳಿಗೆ ಮೆತ್ತಿದ ಕಂದು ಬಣ್ಣದ ಕೆಸರನ್ನು ನನ್ನ ಮುಖದ ಮುಂದೆ ಹಿಡಿದು, "ಇದರಲ್ಲಿ ಗ್ರೀಸ್ ಎಲ್ಲುಂಟು ಮಾರಾಯ್ರೇ? ಪೂರಾ ಉಪ್ಪುನೀರು" ಎಂದರು. ದೋಣಿಯನ್ನು ನೀರಿಗಿಳಿಸುವಾಗ ಟ್ರೈಲರಿನ ಚಕ್ರಗಳೂ ಮುಳುಗುತ್ತವೆ. ಓಡಿ ಬಿಸಿಯಾದ ಹಬ್ ತಣ್ಣೀರಿಗೆ ಬಿದ್ದೊಡನೆ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ. ಅಳಿವೆಯ ನೀರಾದರೆ ಬೇರಿಂಗ್ ತುಕ್ಕು ಹಿಡಿಯಲು ಹೆಚ್ಚು ದಿನ ಬೇಡ. ಎರಡೂ ಕಡೆ ಬೇರಿಂಗ್ ಮತ್ತು ಸೀಲ್ ಬದಲಾಯಿಸಲು ಎರಡು ಗಂಟೆ ಹೋಯಿತು. ಅದೇ ಕೆಲಸ ಘಾಟಿಯ ನಡುವೆ ಬಂದಿದ್ದರೆ ದೋಣಿಯನ್ನು ಅಲ್ಲೇ ಬಿಟ್ಟು ಬರಬೇಕಾಗುತ್ತಿತ್ತು. ಹಳೆಯ ಟ್ರೈಲರ್ ಕೊಂಡವರು ಮಾರಿದವರ ಮಾತಿಗೆ ಕಾಯದೆ ಬೇರಿಂಗ್ ಬಿಚ್ಚಿಸಿ ನೋಡಿ, ಒಂದು ಜೊತೆ ಬೇರಿಂಗ್ ಮತ್ತು ಟ್ರೈಲರಿನದೇ ಅಳತೆಯ ಸ್ಟೆಪ್ನಿಯನ್ನು ಜೊತೆಗಿಟ್ಟುಕೊಳ್ಳಿ. ಪಿಕಪ್ಪಿನ ಸ್ಟೆಪ್ನಿ ಅದಕ್ಕೆ ಹೊಂದುವುದಿಲ್ಲ.

ಸಂಪಾಜೆಯಿಂದ ಮಡಿಕೇರಿಗೆ ಏರುವ ಸುಮಾರು 30 ಕಿಲೋಮೀಟರಿನ ಬಗ್ಗೆ ಹೇಳಬೇಕಾದದ್ದು ಹೆಚ್ಚಿಲ್ಲ. ಎರಡನೇ ಮತ್ತು ಮೂರನೇ ಗೇರಿನಲ್ಲಿ ಗಾಡಿ ನಿರಾಯಾಸವಾಗಿ ಏರಿತು. ತಿರುವುಗಳಲ್ಲಿ ಟ್ರೈಲರಿನ ಚಕ್ರ ಪಿಕಪ್ಪಿನ ಜಾಡಿಗಿಂತ ಒಳಗೆ ಹಾಯುತ್ತದೆ ಎಂಬುದನ್ನು ಮರೆತರೆ ಒಳಬದಿಯ ಚರಂಡಿಯೇ ಗತಿ. ಹಾಗಾಗಿ ತಿರುವಿಗೆ ತಡವಾಗಿ, ಅಗಲವಾಗಿ ಹೊಕ್ಕು, ಎದುರಿನ ಬಸ್ಸಿಗೆ ಹಾರ್ನ್ ಮಾಡಿ, ಅಗತ್ಯವಿದ್ದರೆ ನಿಂತೇ ಬಿಡಬೇಕು. 2018ರ ಆಗಸ್ಟಿನಲ್ಲಿ ಜೋಡುಪಾಲ ಮತ್ತು ಮದೆನಾಡಿನ ಕಡೆ ಗುಡ್ಡ ಕುಸಿದು ಈ ರಸ್ತೆ ಮುಚ್ಚಿದ್ದು ನಮಗೆಲ್ಲ ನೆನಪಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ದಾರಿಯಲ್ಲಿ ದೋಣಿ ಎಳೆಯುವ ಯೋಚನೆಯನ್ನೇ ಮಾಡಬೇಡಿ. ಜನವರಿಯಲ್ಲಿ ಮಳೆಯಿಲ್ಲ, ಆದರೆ ಬೆಳಗ್ಗಿನ ಮಂಜು ಇರುತ್ತದೆ. ಟ್ರೈಲರಿನ ಹಿಂದಿನ ದೀಪ ಮತ್ತು ಕೆಂಪು ಪ್ರತಿಫಲಕ ಸರಿಯಿರಲಿ.

ಮಡಿಕೇರಿ ದಾಟಿದ ಮೇಲೆ ರಸ್ತೆ ಸುಲಭ. ಆದರೂ ಸುಂಟಿಕೊಪ್ಪ ಮತ್ತು ಕುಶಾಲನಗರದ ನಡುವಿನ ಆನೆಕಾಡನ್ನು ಹಗಲಿನಲ್ಲೇ ದಾಟಬೇಕೆಂದು ಭಾವನವರು ಹಟ ಹಿಡಿದರು. "ಬರೀ ಗಾಡಿಯಾದರೆ ಆನೆ ಕಂಡರೆ ರಿವರ್ಸ್ ಹಾಕಬಹುದು. ಬೆನ್ನಿಗೆ ದೋಣಿ ಕಟ್ಟಿಕೊಂಡು ಏನು ಮಾಡ್ತೀಯ?" ಎಂಬ ಅವರ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಸುಂಟಿಕೊಪ್ಪದಲ್ಲೇ ರಾತ್ರಿ ತಂಗಿ ಬೆಳಿಗ್ಗೆ ಹೊರಟೆವು.

ಹಾರಂಗಿ ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 2,859 ಅಡಿ. ಜನವರಿಯಲ್ಲಿ ನೀರು ತಕ್ಕಮಟ್ಟಿಗೆ ಇರುವುದರಿಂದ ಗಟ್ಟಿ ದಂಡೆಯಲ್ಲೇ ದೋಣಿ ಇಳಿಸಲು ಸಾಧ್ಯವಾಯಿತು; ಮೇ ತಿಂಗಳಲ್ಲಿ ನೀರು ಬಹಳ ಹಿಂದೆ ಸರಿದು, ನಡುವೆ ಮೇಲೆ ಒಣಗಿ ಒಳಗೆ ಹಸಿಯಾಗಿದ್ದ ಹೂಳು ಉಳಿದಿತ್ತು. ಅಂಥ ಜಾಗದಲ್ಲಿ ಮೊದಲು ನಡೆದು ನೋಡಬೇಕು. ಹಿಮ್ಮಡಿ ಹೂತರೆ ಪಿಕಪ್ಪೂ ಹೂತುಹೋಗುತ್ತದೆ. ಅಣೆಕಟ್ಟಿನ ಸಮೀಪ ದೋಣಿಗೆ ಅವಕಾಶವಿಲ್ಲ, ಮೀನುಗಾರಿಕೆಯ ಪರವಾನಗಿಯಿಲ್ಲದೆ ಹಿನ್ನೀರಿಗೂ ದೋಣಿ ತರುವಂತಿಲ್ಲ. ಪತ್ರ ಕೈಗೆ ಬಂದ ಮೇಲೆಯೇ ಹೊರಡಿ. ಇಳಿಸುವ ಕ್ರಮ ಹೀಗೆ: ಹಬ್ ಆರುವವರೆಗೆ ಕಾಯುವುದು, ದೀಪದ ಪ್ಲಗ್ ಕಳಚುವುದು, ದೋಣಿಯ ತಳದ ಬಿರಡೆ ಬಿಗಿಯಾಗಿದೆಯೇ ನೋಡುವುದು, ಹಿಂದಿನ ಬೆಲ್ಟ್ ಬಿಚ್ಚುವುದು, ಮೂತಿಯ ಹಗ್ಗವನ್ನು ಮಾತ್ರ ಕೊನೆಯವರೆಗೂ ಬಿಡದಿರುವುದು. ಹಿಂದಕ್ಕೆ ಹೋಗುವಾಗ ಸ್ಟೀಯರಿಂಗಿನ ಕೆಳಭಾಗವನ್ನು ಹಿಡಿದರೆ ಕೈ ಸರಿದ ಕಡೆಗೇ ಟ್ರೈಲರ್ ಸರಿಯುತ್ತದೆ, ತಲೆ ಕೆಡಿಸಿಕೊಳ್ಳಬೇಕಿಲ್ಲ. ನಾಲ್ಕೂ ಚಕ್ರಗಳಿಗೆ ಶಕ್ತಿ ಕೊಟ್ಟು ನಿಧಾನವಾಗಿ ಎಳೆಯುವ ಫೋರ್ ವೀಲ್ ಲೋ ಬಳಸಬೇಕಾದದ್ದು ಇಲ್ಲಿ ಮಾತ್ರ; ಒಣ ಡಾಂಬರಿನ ಮೇಲೆ ಫೋರ್ ವೀಲ್ ಹಾಕಿಕೊಂಡು ತಿರುವುಗಳಲ್ಲಿ ಓಡಿಸಿದರೆ ಗೇರುಗಳಿಗೆ ಕೇಡು. ಗಾಡಿ ನಿಂತಾಗ ಹ್ಯಾಂಡ್‌ಬ್ರೇಕನ್ನು ಮಾತ್ರ ನಂಬದೆ ಚಕ್ರಗಳಿಗೆ ಕಲ್ಲು ಕೊಡಬೇಕು.

ಮೇ ತಿಂಗಳ ಇಳಿತವೇ ನಿಜವಾದ ಪರೀಕ್ಷೆ. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗಿಂತ ಎತ್ತರದಲ್ಲಿದೆ. ಅಲ್ಲಿಂದ ಸಂಪಾಜೆಯವರೆಗೆ ಬ್ರೇಕಿಗೆ ಬಿಡುವೇ ಇಲ್ಲ ಎಂದರೂ ಸರಿ. ಏರುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು ಎಂದು ಲಾರಿಯವರು ಹೇಳುವ ಮಾತನ್ನು ಅಕ್ಷರಶಃ ಪಾಲಿಸಿ, ಮಡಿಕೇರಿ ಬಿಡುವಾಗಲೇ ಎರಡನೇ ಗೇರಿಗೆ ಬಂದೆ. ಬ್ರೇಕನ್ನು ತಿರುವಿಗೆ ಮೊದಲೇ, ಗಾಡಿ ಮತ್ತು ಟ್ರೈಲರ್ ನೇರ ಗೆರೆಯಲ್ಲಿರುವಾಗಲೇ ಒತ್ತಿ ಬಿಡಬೇಕು. ತಿರುವಿನ ನಡುವೆ ಒತ್ತಿದರೆ ದೋಣಿ ಪಿಕಪ್ಪಿನ ಬೆನ್ನನ್ನು ಹೊರಕ್ಕೆ ತಳ್ಳುವುದು ಸೀಟಿನಲ್ಲೇ ತಿಳಿಯುತ್ತದೆ. ಏರಿ ಬರುವವರಿಗೆ ದಾರಿ ಬಿಡುವುದು ನಿಯಮವೂ ಹೌದು, ನಮಗೆ ಕ್ಷೇಮವೂ ಹೌದು. ಹಿಂದೆ ಸಾಲುಗಟ್ಟಿದ ಕಾರುಗಳಿಗೆ ಅಗಲ ಜಾಗ ಸಿಕ್ಕಲ್ಲೆಲ್ಲ ಬದಿಗೆ ಸರಿದು ದಾರಿ ಕೊಟ್ಟೆ, ಏಕೆಂದರೆ ಹಾರ್ನಿನ ಒತ್ತಡಕ್ಕೆ ವೇಗ ಹೆಚ್ಚಿಸುವ ಚಪಲ ನನಗೂ ಇದೆ. ಮದೆನಾಡು ದಾಟಿದ ಮೇಲೆ ಬ್ರೇಕಿನ ಸುಟ್ಟ ವಾಸನೆ ಸಣ್ಣಗೆ ಬಂತು. ಸಮತಟ್ಟಾದ ಜಾಗ ನೋಡಿ ನಿಲ್ಲಿಸಿ, ಗೇರಿನಲ್ಲೇ ಬಿಟ್ಟು, ಕಲ್ಲು ಕೊಟ್ಟು ಇಪ್ಪತ್ತು ನಿಮಿಷ ಕಾದೆವು. ನೀರು ಹೊಯ್ಯೋಣವೇ ಎಂದು ಹುಡುಗ ಬಾಟಲಿ ತಂದ, ಬೇಡವೆಂದೆ. ಕಾದ ಡಿಸ್ಕ್ ತಣ್ಣೀರಿಗೆ ಸೊಟ್ಟಗಾಗುತ್ತದೆ.

ಸಂಪಾಜೆಗೆ ಬಂದು ಮುಟ್ಟಿ ನೋಡಿದಾಗ ಎರಡೂ ಹಬ್‌ಗಳು ಅಂಗೈ ತಾಳುವಷ್ಟೇ ಬೆಚ್ಚಗಿದ್ದವು. ದೋಣಿಯ ಹಿಂದಿನ ಬೆಲ್ಟ್ ಮಾತ್ರ ತಿರುವುಗಳ ಅಲುಗಾಟಕ್ಕೆ ಎರಡು ಬೆರಳು ತೂರುವಷ್ಟು ಸಡಿಲವಾಗಿತ್ತು. ಅದನ್ನು ಮತ್ತೆ ಬಿಗಿದು ಸುಳ್ಯದ ಕಡೆಗೆ ಹೊರಟೆವು.