ಹ್ಯೂಸ್ಟನ್ನಿನಲ್ಲಿ ನಡೆಯಲು ಹೊರಟವನ ಪಾಡು

ಭಾನುವಾರ ಬೆಳಿಗ್ಗೆ ಒಂಬತ್ತೂವರೆ. ಹ್ಯೂಸ್ಟನ್ನಿನ ಮೇನ್ ಸ್ಟ್ರೀಟಿನಲ್ಲಿ ಒಂದು ನರಪಿಳ್ಳೆಯೂ ಇಲ್ಲ. 2020ರ ಗಣತಿಯಂತೆ 23 ಲಕ್ಷ ಜನರಿರುವ, ಅಮೆರಿಕದ ನಾಲ್ಕನೆಯ ದೊಡ್ಡ ನಗರದ ನಡುಮಧ್ಯೆ ನಿಂತಿದ್ದೆ. ಚೀನಾ ಮೂಲದ ವಾಸ್ತುಶಿಲ್ಪಿ ಐ. ಎಂ. ಪೇ ವಿನ್ಯಾಸ ಮಾಡಿದ 75 ಮಹಡಿಯ ಗೋಪುರವನ್ನು ಕತ್ತು ನೋಯುವಷ್ಟು ಹೊತ್ತು ನೋಡಿದೆ. ಖಾಲಿ ರೈಲೊಂದು ಗಂಟೆ ಬಾರಿಸುತ್ತಾ ಹೋಯಿತು, ಯಾರಿಗಾಗಿ ಬಾರಿಸಿತೋ! ರಜೆಯ ದಿನವಲ್ಲವೇ, ನಾಳೆ ನೋಡೋಣ ಅಂದುಕೊಂಡೆ.

ಸೋಮವಾರ ಮಧ್ಯಾಹ್ನವೂ ಹೆಚ್ಚುಕಮ್ಮಿ ಅದೇ ಕತೆ. ಜೂನ್ ತಿಂಗಳ ಸೆಕೆ, ಕಾಲುದಾರಿಯಲ್ಲಿ ನಾನು ಮತ್ತು ನನ್ನ ನೆರಳು. ಅಷ್ಟರಲ್ಲಿ ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡವರ ಗುಂಪೊಂದು ಕಟ್ಟಡದೊಳಗೆ ನುಗ್ಗಿ ಎಸ್ಕಲೇಟರ್ ಇಳಿಯಿತು. ಹಿಂದೆಯೇ ಇಳಿದೆ. ಅಬ್ಬಾ, ಊರೆಲ್ಲ ಅಲ್ಲಿತ್ತು! ನೆಲದಿಂದ ಸುಮಾರು 20 ಅಡಿ ಕೆಳಗೆ, ಹತ್ತಿರ ಹತ್ತಿರ 10 ಕಿಲೋಮೀಟರ್ ಉದ್ದದ ತಂಪು ಸುರಂಗಗಳ ಜಾಲ. ಊಟದ ಸಾಲು, ಕ್ಷೌರದಂಗಡಿ, ಬೂಟು ಪಾಲಿಶು, ಸರಸರ ಓಡಾಡುವ ನೂರಾರು ಜನ. ಗುಂಪಿನಲ್ಲಿ ದಾರಿ ತಪ್ಪಿಸಿಕೊಂಡು, ಹತ್ತಿದ್ದು ಬೇರೆಯೇ ಕಟ್ಟಡದ ಲಾಬಿಗೆ.

ಸೆಕೆಗೆ ಸುರಂಗ ಒಳ್ಳೆಯ ಉಪಾಯವೇ. ಆದರೆ ಬೀದಿಬದಿಯ ಅಂಗಡಿಗೆ ಸಿಗಬೇಕಾದ ಗಿರಾಕಿಯನ್ನು ಅದು ನುಂಗಿ ಕೂತಿದೆ. ಸಂಜೆಯಾದರೆ ಸುರಂಗಕ್ಕೆ ಬೀಗ, ವಾರಾಂತ್ಯದಲ್ಲಂತೂ ಬಹುಪಾಲು ಬಂದ್. ಕಚೇರಿ ಬಿಟ್ಟವರು ಪಾರ್ಕಿಂಗ್ ಕಟ್ಟಡದಿಂದ ನೇರವಾಗಿ ಹೆದ್ದಾರಿಗೆ ಹಾರುತ್ತಾರೆ. ಪ್ರವಾಸಿಗೆ ಉಳಿಯುವುದು ಗಾಜಿನ ಗೋಡೆಗಳು.

ಅವರೆಲ್ಲ ಹೋಗುವುದೆಲ್ಲಿಗೆ ಎಂದು ಮರುದಿನ ನಾಸಾದ ರಾಕೆಟ್‌ಗಳನ್ನು ನೋಡಲು ಸ್ಪೇಸ್ ಸೆಂಟರಿಗೆ ಹೊರಟಾಗ ತಿಳಿಯಿತು. ಅದು ಹ್ಯೂಸ್ಟನ್ನಿನ ದೊಡ್ಡ ಆಕರ್ಷಣೆ, ಆದರೆ ಡೌನ್‌ಟೌನ್‌ನಿಂದ, ಅಂದರೆ ಊರಿನ ನಡುಭಾಗದಿಂದ, ಸುಮಾರು 40 ಕಿಲೋಮೀಟರ್ ದೂರ. ದಾರಿಯುದ್ದಕ್ಕೂ ಮಾಲು, ಗೋದಾಮು, ಒಂದೇ ಅಚ್ಚಿನ ಮನೆಗಳು, ಮತ್ತೆ ಮಾಲು. ಇಲ್ಲಿ ಇಂಥ ಜಾಗದಲ್ಲಿ ಇಂಥದ್ದೇ ಕಟ್ಟಬೇಕೆನ್ನುವ ವಲಯ ಕಾನೂನು ಇಲ್ಲ. ಸುತ್ತ ಬಯಲು, ಅಡ್ಡ ಬರಲು ಬೆಟ್ಟವೂ ಇಲ್ಲ. 610ರ ಲೂಪ್, ಅದರಾಚೆ ಬೆಲ್ಟ್‌ವೇ 8, ಅದಕ್ಕೂ ಆಚೆ ಗ್ರ್ಯಾಂಡ್ ಪಾರ್ಕ್‌ವೇ ಎಂದು ವರ್ತುಲ ರಸ್ತೆಗಳು ಬೆಳೆಯುತ್ತಲೇ ಇವೆ. ಕೇಟಿ ಹೆದ್ದಾರಿಯನ್ನಂತೂ 2008ರ ಹೊತ್ತಿಗೆ, ಪಕ್ಕದ ರಸ್ತೆಗಳೂ ಸೇರಿ, ಕೆಲವು ಕಡೆ 26 ಲೇನ್‌ಗಳಷ್ಟು ಅಗಲ ಮಾಡಿದರು. ಕೆಲವೇ ವರ್ಷಗಳಲ್ಲಿ ಟ್ರಾಫಿಕ್ ಜಾಮ್ ವಾಪಸ್ ಬಂತು. ರಸ್ತೆ ಅಗಲವಾದಷ್ಟೂ ಮನೆಗಳು ದೂರ ಹೋದವು, ಮನೆಗಳು ದೂರ ಹೋದಷ್ಟೂ ಕಾರುಗಳು ಹೆಚ್ಚಿದವು. ಸ್ಯಾಟರ್ನ್ 5 ರಾಕೆಟ್ ನೋಡಿ ರೋಮಾಂಚನವಾಯಿತು, ಸುಳ್ಳು ಹೇಳಲಾರೆ. ಚಂದ್ರನಿಗೆ ಹೋಗುವ ಯಂತ್ರವನ್ನು ನೋಡಲು ಟ್ಯಾಕ್ಸಿಗಾಗಿ ಕಾದದ್ದು ಮಾತ್ರ ಇನ್ನೂ ನೆನಪಿದೆ.

ಡೌನ್‌ಟೌನ್‌ನಲ್ಲಿ ನನಗೆ ಹಿಡಿಸಿದ್ದು ಸಮಾವೇಶ ಕೇಂದ್ರದ ಎದುರಿನ ಡಿಸ್ಕವರಿ ಗ್ರೀನ್. ಮೊದಲು ಅಲ್ಲಿದ್ದದ್ದು ಹೆಚ್ಚಾಗಿ ಪಾರ್ಕಿಂಗ್ ಜಾಗವಂತೆ; 2008ರಲ್ಲಿ 12 ಎಕರೆಯ ಉದ್ಯಾನವಾಯಿತು. ಸಂಜೆ ಮಕ್ಕಳು ಚಿಮ್ಮುವ ನೀರಿನಲ್ಲಿ ಕಿರುಚಾಡುತ್ತಿದ್ದರು, ಅಮ್ಮಂದಿರು ಚಪ್ಪಲಿ ಕಾಯುತ್ತಾ ಕೂತಿದ್ದರು. ನಾನೂ ಎರಡು ಗಂಟೆ ಸುಮ್ಮನೆ ಕೂತೆ. ಆ ಊರಿನಲ್ಲಿ ಕೆಲಸವಿಲ್ಲದೆ ಕೂರಲು ಸಿಕ್ಕ ಮೊದಲ ಜಾಗ ಅದು.

ಕೊನೆಯ ಸಂಜೆ ಬಫಲೋ ಬಯೂ ಹೊಳೆಯ ದಂಡೆ ಹಿಡಿದು ಪಶ್ಚಿಮಕ್ಕೆ ನಡೆದೆ. ವಾಗ್ ಡ್ರೈವ್ ಸೇತುವೆ ಬಂದಾಗ ಕಾಲು ನಿಂತಿತು. ಸೇತುವೆಯ ಕಾಲುದಾರಿಯಲ್ಲಿ ಭುಜಕ್ಕೆ ಭುಜ ತಾಗುವಷ್ಟು ಜನ, ಕೆಳಗಿನ ಹುಲ್ಲಿನ ಮೇಲೂ ಜನ! ಕಾಂಕ್ರೀಟಿನ ಬಿರುಕುಗಳಲ್ಲಿ ಸಾವಿರಾರು ಬಾವಲಿಗಳು ನೆಲೆಸಿವೆ, ಮುಸ್ಸಂಜೆಗೆ ಹೊರಬೀಳುತ್ತವೆ. 'ಸ್ವಲ್ಪ ಜರುಗಿ' ಎಂದು ಹಿಂದಿನಿಂದ ಯಾರೋ ಅಂದರು. ಹ್ಯೂಸ್ಟನ್ನಿನ ಕಾಲುದಾರಿಯಲ್ಲಿ ಮೊದಲ ಬಾರಿಗೆ ಇನ್ನೊಬ್ಬರಿಗೆ ಜಾಗ ಬಿಟ್ಟೆ. ಅಷ್ಟರಲ್ಲಿ ಮೊದಲ ಬಾವಲಿ ಹಾರಿತು.