ಎಣಿಕೆ ಬಾಯಿಗೆ ಬಂದಿದೆ, ಕೈಗೆ ಬಂದಿದೆಯೇ?

ಮೂರು ವರ್ಷದ ಮಗು ಒಂದರಿಂದ ಇಪ್ಪತ್ತರವರೆಗೆ ಗಡಗಡ ಹೇಳಿಬಿಟ್ಟರೆ ಮನೆಮಂದಿಗೆಲ್ಲ ಖುಷಿ. ಖುಷಿಪಡಬೇಕಾದ ಸಂಗತಿಯೇ. ಈಗ ಅದೇ ಮಗುವಿನ ಮುಂದೆ ಹತ್ತು ಚಮಚ ಇಟ್ಟು "ನಾಲ್ಕು ಕೊಡು ಪುಟ್ಟಾ" ಅನ್ನಿ. ಎಷ್ಟೋ ಸಲ ಕೈಗೆ ಸಿಕ್ಕಷ್ಟನ್ನು ಬಾಚಿ ಕೊಟ್ಟುಬಿಡುತ್ತದೆ. ಇಪ್ಪತ್ತರವರೆಗಿನ ಸಾಲು ಅದಕ್ಕೆ ಪದ್ಯದ ಹಾಗೆ ಬಾಯಿಪಾಠ ಆಗಿದೆ, 'ನಾಲ್ಕು' ಎಂದರೆ ಎಷ್ಟು ಅನ್ನುವುದು ಇನ್ನೂ ಗೊತ್ತಾಗಿಲ್ಲ. ಮನೆಯಲ್ಲೇ ಕಲಿಯುವ ಪುಟ್ಟ ಮಗುವಿನ ಗಣಿತದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಸಮಯ ಕೊಡುವುದು ಈ ಅಂತರಕ್ಕೇ.

ಮಗು ಎಲ್ಲಿದೆ ಎಂದು ತಿಳಿಯಲು 'ಕೊಡು' ಆಟವೊಂದೇ ಸಾಕು. ಮೊದಲು ಒಂದು ಕೇಳಿ, ಆಮೇಲೆ ಎರಡು, ಆಮೇಲೆ ಮೂರು. 'ಒಂದು' ಮೊದಲು ಅರ್ಥವಾಗುತ್ತದೆ. 'ಎರಡು' ಬರುವುದಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು, 'ಮೂರಕ್ಕೂ' ಅಷ್ಟೇ. ಮೂರು ಅಥವಾ ನಾಲ್ಕು ದಾಟಿದ ಮೇಲೆ ಮಾತ್ರ ಗುಟ್ಟು ಹೊಳೆಯುತ್ತದೆ: ಎಣಿಸುವಾಗ ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಎಷ್ಟು ಎಂಬುದಕ್ಕೆ ಉತ್ತರ. ಅಲ್ಲಿಂದ ಮುಂದೆ ಐದು, ಆರು, ಏಳು ಬೇಗ ಬೇಗ ಬರುತ್ತವೆ. ಹಾಗಾಗಿ ಎರಡನ್ನು ಸರಿಯಾಗಿ ಕೊಟ್ಟು ಮೂರಕ್ಕೆ ಬಾಚುವ ಮಗುವಿಗೆ ಕಲಿಸಬೇಕಾದದ್ದು ಮೂರನ್ನು. ನೂರರವರೆಗೆ ಹೇಳಿಸುವ ಕೆಲಸ ಕಾಯಲಿ.

ಎಣಿಸುವಾಗ ಎರಡು ತಪ್ಪುಗಳು ಪದೇ ಪದೇ ಕಾಣುತ್ತವೆ. ಮೊದಲನೆಯದು, ಬೆರಳು ಮತ್ತು ಬಾಯಿಯ ಹೊಂದಾಣಿಕೆ ತಪ್ಪುವುದು. ಬೆರಳು ಮುಂದೆ ಓಡುತ್ತದೆ, ಒಂದನ್ನೇ ಎರಡು ಸಲ ಮುಟ್ಟುತ್ತದೆ, ಮತ್ತೊಂದನ್ನು ಬಿಟ್ಟುಬಿಡುತ್ತದೆ. ಪದ ಹೇಳುವುದು, ಎಣಿಸಿದ್ದು ಯಾವುದು ಉಳಿದದ್ದು ಯಾವುದು ಎಂದು ನೆನಪಿಡುವುದು, ಎರಡೂ ಒಟ್ಟಿಗೆ ನಡೆಯಬೇಕಲ್ಲ. ನೆನಪಿನ ಹೊರೆಯನ್ನು ಇಳಿಸಿ. ಎರಡು ಬಟ್ಟಲು ಇಡಿ, ಒಂದರಿಂದ ತೆಗೆದು ಇನ್ನೊಂದಕ್ಕೆ ಹಾಕುತ್ತಾ ಎಣಿಸಲಿ. ವಸ್ತು ಬಟ್ಟಲಿಗೆ ಬೀಳುವಾಗಲೇ ಸಂಖ್ಯೆ ಹೇಳಬೇಕು. ಅದು ಸಲೀಸಾದ ಮೇಲೆ ಸಾಲಾಗಿ ಜೋಡಿಸಿದ್ದನ್ನು ಮುಟ್ಟಿ ಎಣಿಸುವುದು, ಕೊನೆಗೆ ಚೆಲ್ಲಾಪಿಲ್ಲಿ ಹರಡಿದ್ದನ್ನು. ದುಂಡಗೆ ಜೋಡಿಸಿದ್ದೂ ಕಷ್ಟವೇ, ಎಲ್ಲಿ ಶುರು ಮಾಡಿದ್ದು ಎಂಬುದೇ ಮರೆತುಹೋಗುತ್ತದೆ. ಮೊದಮೊದಲು ಐದಕ್ಕಿಂತ ಹೆಚ್ಚು ವಸ್ತು ಬೇಡ. ಇನ್ನೂ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ಮಗುವಾದರೆ ಗುಂಡಿ, ಮಣಿ ದೂರವಿಡಿ. ಟಾಯ್ಲೆಟ್ ಪೇಪರ್ ಸುತ್ತಿರುವ ರಟ್ಟಿನ ಕೊಳವೆಯೊಳಗೆ ಇಳಿಯುವಂಥ ಯಾವ ವಸ್ತುವೂ ಬೇಡ.

ಎರಡನೆಯದು ದೊಡ್ಡವರ ತಾಳ್ಮೆ ಕೆಡಿಸುವಂಥದ್ದು. ಮಗು "ಒಂದು, ಎರಡು, ಮೂರು, ನಾಲ್ಕು" ಎಂದು ಸರಿಯಾಗಿ ಎಣಿಸುತ್ತದೆ. "ಹಾಗಾದ್ರೆ ಎಷ್ಟಿದೆ?" ಅಂದರೆ ಮತ್ತೆ ಒಂದರಿಂದ ಶುರು! 'ಎಷ್ಟು' ಅಂದರೆ 'ಎಣಿಸು' ಎಂದೇ ಅದು ತಿಳಿದುಕೊಂಡಿದೆ. ಆಗ ಪ್ರಶ್ನೆ ಬಿಟ್ಟು, ನೀವೇ ಮೊದಲು ಒಟ್ಟು ಹೇಳಿ: "ನೋಡು, ನಾಲ್ಕು ಗುಂಡಿ." ತಕ್ಷಣ ಒಂದೊಂದಾಗಿ ಎಣಿಸಿ ತೋರಿಸಿ. ಎಣಿಸಿ ಮುಗಿದ ಮೇಲೆ ಎಲ್ಲವನ್ನೂ ಕೈಯಿಂದ ಸುತ್ತುವರಿದು "ನಾಲ್ಕು ಗುಂಡಿ" ಎಂದು ಇನ್ನೊಮ್ಮೆ ಹೇಳಿ. ಹೆಸರಿಲ್ಲದ ಬರೀ 'ನಾಲ್ಕು'ಗಿಂತ 'ನಾಲ್ಕು ಗುಂಡಿ', 'ನಾಲ್ಕು ಸಾಕ್ಸ್' ಎನ್ನುವುದು ವಾಸಿ.

ಇದಕ್ಕೆ ಪ್ರತ್ಯೇಕ ಪಾಠದ ಹೊತ್ತು ಬೇಕಿಲ್ಲ, ಊಟಕ್ಕೆ ತಟ್ಟೆ ಇಡುವ ಕೆಲಸ ಮಗುವಿನದಾಗಲಿ. ಮೊದಲ ಹಂತದಲ್ಲಿ ಒಂದು ಸಲಕ್ಕೆ ಒಂದೇ ತಟ್ಟೆ: ಅಜ್ಜಿಗೊಂದು, ಅಪ್ಪನಿಗೊಂದು, ಅಮ್ಮನಿಗೊಂದು, ನನಗೊಂದು. ಇಲ್ಲಿ ಸಂಖ್ಯೆಯೇ ಬೇಕಾಗಿಲ್ಲ, ಒಬ್ಬರಿಗೆ ಒಂದು ಎಂಬ ಜೋಡಣೆ ಸಾಕು. ಅದು ಪಳಗಿದ ಮೇಲೆ ಕೆಲಸವನ್ನು ಸ್ವಲ್ಪ ಬದಲಾಯಿಸಿ: "ಎಲ್ಲರಿಗೂ ಬೇಕಾದಷ್ಟು ತಟ್ಟೆ ಒಂದೇ ಸಲ ತಾ." ಈಗ ಜನರನ್ನು ಎಣಿಸಬೇಕು, ಆ ಸಂಖ್ಯೆಯನ್ನು ತಲೆಯಲ್ಲಿ ಹೊತ್ತು ಅಡುಗೆಮನೆಗೆ ಹೋಗಬೇಕು, ಅಷ್ಟೇ ತೆಗೆಯಬೇಕು. ದಾರಿಯಲ್ಲಿ ಮರೆಯುತ್ತದೆ, ಮೂರೇ ತರುತ್ತದೆ. ಆಗ ದಯವಿಟ್ಟು "ಒಂದು ಕಡಿಮೆ ಆಯ್ತು" ಅನ್ನಬೇಡಿ. ಹಂಚುವಾಗ ಒಬ್ಬರ ಮುಂದೆ ಖಾಲಿ ಜಾಗ ಉಳಿಯುತ್ತದಲ್ಲ, ತಪ್ಪನ್ನು ಆ ಜಾಗವೇ ತೋರಿಸುತ್ತದೆ. ಇನ್ನೊಂದನ್ನು ತರಲು ಮಗು ತಾನೇ ಓಡುತ್ತದೆ. ತಟ್ಟೆ ಬಿದ್ದರೂ ಒಡೆಯದಂಥದ್ದಿರಲಿ, ಕೈಗೆಟುಕುವಷ್ಟು ಕೆಳಗಿರಲಿ. ಜನರನ್ನು ಎಣಿಸುವಾಗ ಮಗು "ಎರಡು ಅಜ್ಜಿ" ಅನ್ನಬಹುದು. "ಹೌದು, ಇಬ್ಬರು ಅಜ್ಜಿಯರು" ಎಂದು ಸರಿಯಾದ ಮಾತನ್ನು ಹೇಳಿ ಮುಂದೆ ಹೋಗಿ, ತಿದ್ದಿ ಮತ್ತೆ ಹೇಳಿಸುವುದು ಬೇಡ.

ಒಗೆದ ಸಾಕ್ಸ್ ಜೊತೆ ಮಾಡುವುದು, ಮೆಟ್ಟಿಲು ಹತ್ತುತ್ತಾ ಎಣಿಸುವುದು ಕೂಡ ಒಳ್ಳೆಯದೇ. ಎರಡು-ಮೂರು ಚುಕ್ಕೆಗಳ ಚೀಟಿಯನ್ನು ಕ್ಷಣಕಾಲ ತೋರಿಸಿ ಮರೆಮಾಡಿ "ಎಷ್ಟಿತ್ತು?" ಅನ್ನುವ ಆಟದಲ್ಲಿ, ಎಣಿಸದೆ ನೋಡಿದ ಕೂಡಲೇ ಗುರುತಿಸುವುದು ಬರುತ್ತದೆ.

ಐದು ಗುಂಡಿಗಳನ್ನು ದೂರ ದೂರ ಹರಡಿದರೆ "ಈಗ ಜಾಸ್ತಿ ಆಯ್ತು" ಎನ್ನುವ ಮಗುವಿನೊಂದಿಗೆ ವಾದ ಬೇಡ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ವಿವರವಾಗಿ ಬರೆದ ವಿಷಯ ಇದು. ಈ ವಯಸ್ಸಿನಲ್ಲಿ ಸಾಲು ಉದ್ದ ಕಂಡರೆ ಹೆಚ್ಚು ಅನ್ನಿಸುವುದು ಸಹಜ. ವಿವರಿಸಿ ಒಪ್ಪಿಸಲಾಗದು, ಬೆಳೆಯುತ್ತಾ ತಾನಾಗಿ ಸರಿಹೋಗುತ್ತದೆ. ಅಂಕಿ ತಿರುವುಮುರುವಾಗಿ ಬರೆಯುವುದೂ ಹಾಗೆಯೇ. ನಾಲ್ಕು ವರ್ಷಕ್ಕೆ ಅಂಕಿ ಬರೆಸುವ ಅವಸರವೇ ನನಗೆ ಸರಿಕಾಣುವುದಿಲ್ಲ.

ಐದನ್ನು ಎಡವದೆ ಕೊಡುವಂತಾದಾಗ ಮುಂದಿನ ಆಟ: ಬಟ್ಟಲಿಗೆ ಐದು ಚಮಚ ಹಾಕಿಸಿ, ಬಟ್ಟೆಯಿಂದ ಮುಚ್ಚಿ, ಇನ್ನೊಂದನ್ನು ಒಳಗೆ ತೂರಿಸಿ "ಈಗ ಎಷ್ಟು?" ಎಂದು ಕೇಳಿ. ಮಗು ಬಟ್ಟೆ ಸರಿಸಿ ಒಂದರಿಂದ ಎಣಿಸಹೊರಟರೆ ಎಣಿಸಲಿ ಬಿಡಿ.